ಟರ್ಮಿನಲ್‌ನಲ್ಲೇ ಎಐ ಇಟ್ಟುಕೊಂಡು ಕೋಡ್ ಬರೆಸುತ್ತಿರುವವರು ಇದ್ದೀರಾ? ಮಂಡಿ ಲೆಕ್ಕದಲ್ಲಿ ನನಗಾದ ಅನುಭವ

ಮಂಡಿಲೆಕ್ಕ, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿಯ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಎಂಟು ವರ್ಷದ ಹಿಂದೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದದ್ದು. ರೈತರ ಹೆಸರು, 15 ಕೆಜಿಯ ಬಾಕ್ಸ್ ಎಷ್ಟು ಬಂತು, ಹರಾಜಿನಲ್ಲಿ ಬಾಕ್ಸ್ ಎಷ್ಟಕ್ಕೆ ಹೋಯಿತು, ಗಾಡಿ ಬಾಡಿಗೆ, ಹಮಾಲಿ, ಮುಂಗಡ ತೆಗೆದುಕೊಂಡಿದ್ದರೆ ಅದು, ಎಲ್ಲ ಕಳೆದು ಪಟ್ಟಿ ಪ್ರಿಂಟ್ ಆಗುತ್ತದೆ. ಕೆಲಸ ಚಿಕ್ಕದು. ಆದರೆ ಸೀಸನ್‌ನಲ್ಲಿ ಬೆಳಗ್ಗೆ ಹರಾಜು ಶುರುವಾದ ಮೇಲೆ ಪಟ್ಟಿ ಐದು ನಿಮಿಷ ತಡವಾದರೆ ಕೌಂಟರ್ ಮುಂದೆ ಜನ ತುಂಬಿಬಿಡುತ್ತಾರೆ.

ಈ ಸಲ ಅದನ್ನು ಪೈಥಾನ್ ಭಾಷೆಗೆ ಬದಲಾಯಿಸೋಣ ಎಂದು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಪರದೆ) ಓಡುವ ಎಐ ಸಹಾಯಕವೊಂದನ್ನು ಹಾಕಿಕೊಂಡೆ. ಯಾವುದು ಎಂಬುದು ಬೇಡ, ನಾನು ಹೇಳಲು ಹೊರಟಿರುವುದು ಯಾವುದರಲ್ಲಾದರೂ ಆಗಬಹುದು. ಮೊದಲು ನಾನು ಬ್ರೌಸರ್‌ನಲ್ಲಿ ಕೇಳಿ, ಉತ್ತರ ಕಾಪಿ ಮಾಡಿ, ಎಡಿಟರ್‌ನಲ್ಲಿ ಅಂಟಿಸಿ, ಎರರ್ ಬಂದರೆ ಅದನ್ನು ಮತ್ತೆ ಬ್ರೌಸರ್‌ಗೆ ಹೊತ್ತುಕೊಂಡು ಹೋಗುತ್ತಿದ್ದೆ. ಇದರಲ್ಲಿ ಆ ಓಡಾಟ ಇಲ್ಲ. ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ ಅದನ್ನು ಶುರು ಮಾಡಿದರೆ ಸಾಕು. ಬೇಕಾದ ಫೈಲನ್ನು ತಾನೇ ತೆಗೆದು ಓದುತ್ತದೆ. ಎಲ್ಲೆಲ್ಲಿ ಯಾವ ಫಂಕ್ಷನ್ ಬಳಕೆಯಾಗಿದೆ ಎಂದು ‘ಗ್ರೆಪ್’ ಹಾಕಿ ಹುಡುಕುತ್ತದೆ. ತಿದ್ದುವ ಸಾಲನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಟೆಸ್ಟ್ (ಉತ್ತರ ಸರಿ ಬರುತ್ತದಾ ಎಂದು ನೋಡುವ ಪುಟ್ಟ ಕೋಡ್) ಓಡಿಸಿ, ಬಿದ್ದರೆ ಯಾಕೆ ಬಿತ್ತು ಎಂದು ಓದಿ, ಮತ್ತೆ ತಿದ್ದುತ್ತದೆ.

ಎರಡು ವಾರ ಹಿಡಿಯುತ್ತದೆ ಎಂದುಕೊಂಡಿದ್ದ ಕೆಲಸ ನಾಲ್ಕು ಸಂಜೆಯಲ್ಲಿ ಮುಗಿಯಿತು. ಟೆಸ್ಟ್‌ಗಳನ್ನೂ ಅದೇ ಬರೆಯಿತು. ಎಲ್ಲ ಹಸಿರು, ಅಂದರೆ ಪಾಸ್.

ಆದರೂ ಮನಸ್ಸು ಒಪ್ಪಲಿಲ್ಲ. ದುಡ್ಡಿನ ಲೆಕ್ಕ ಅಲ್ವಾ. ಹೋದ ಸೀಸನ್‌ನ ಪಟ್ಟಿಗಳ ಕಟ್ಟು ತೆಗೆದುಕೊಂಡು ಕೂತೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಕಾರ್ಬನ್ ಪ್ರತಿಗಳು, ಮೂಲೆಯಲ್ಲಿ ಟೊಮ್ಯಾಟೊ ರಸದ ಕಲೆ. ಕೈಗೆ ಸಿಕ್ಕ 40 ಪಟ್ಟಿ ಎಳೆದು, ಒಂದೊಂದನ್ನೂ ಹೊಸ ಪ್ರೋಗ್ರಾಂಗೆ ಕೊಟ್ಟೆ. 31 ತಾಳೆಯಾಯಿತು. 9 ತಾಳೆಯಾಗಲಿಲ್ಲ. ಒಂಬತ್ತರಲ್ಲೂ ವ್ಯತ್ಯಾಸ ಒಂದೇ ರೂಪಾಯಿ. ಒಂಬತ್ತರಲ್ಲೂ ಹಮಾಲಿಯ ಸಾಲು.

ಹಮಾಲಿ ಬಾಕ್ಸ್‌ಗೆ ಎರಡೂವರೆ ರೂಪಾಯಿ ಎಂದು ಇಟ್ಟುಕೊಳ್ಳಿ. 29 ಬಾಕ್ಸ್‌ಗೆ 72.50. ಹಳೆಯ ಪ್ರೋಗ್ರಾಂ 73 ಮಾಡುತ್ತಿತ್ತು, ಹೊಸದು 72 ಮಾಡಿತು. 31 ಬಾಕ್ಸ್‌ಗೆ 77.50. ಎರಡೂ 78! ಇಲ್ಲೇ ನಾನು ಒಂದು ರಾತ್ರಿ ಕಳೆದೆ. 29ಕ್ಕೆ ತಪ್ಪು, 31ಕ್ಕೆ ಸರಿ, 33ಕ್ಕೆ ಮತ್ತೆ ತಪ್ಪು.

ಕಾರಣ ಇಷ್ಟೇ. ಪಿಎಚ್‌ಪಿಯ ‘ರೌಂಡ್’ ಅರ್ಧ ಬಂದರೆ ಮೇಲಕ್ಕೆ ಹಾಕುತ್ತದೆ, ನಾವು ಶಾಲೆಯಲ್ಲಿ ಕಲಿತ ಹಾಗೆ. ಪೈಥಾನ್‌ನ ‘ರೌಂಡ್’ ಅರ್ಧ ಬಂದರೆ ಹತ್ತಿರದ ಸಮ ಸಂಖ್ಯೆಗೆ ಹಾಕುತ್ತದೆ. 72.50 ಆದರೆ 72, 77.50 ಆದರೆ 78. ಹೆಸರು ಒಂದೇ, ನಡತೆ ಬೇರೆ. ಎಐ ಬರೆದ ಟೆಸ್ಟ್‌ಗಳಲ್ಲಿ ಬಾಕ್ಸ್‌ಗಳು 10, 20, 50, 100. ಅಷ್ಟೇ. ಸಮ ಸಂಖ್ಯೆಯ ಬಾಕ್ಸ್‌ಗೆ ಐವತ್ತು ಪೈಸೆ ಬರುವುದೇ ಇಲ್ಲ. ರೈತರು ಎಣಿಸಿಕೊಂಡು ಹತ್ತು ಇಪ್ಪತ್ತು ಬಾಕ್ಸ್ ತರುತ್ತಾರಾ? ಅವತ್ತು ತೋಟದಲ್ಲಿ ಎಷ್ಟು ಹಣ್ಣಾಗಿದೆಯೋ ಅಷ್ಟು ತರುತ್ತಾರೆ.

‘ಡೆಸಿಮಲ್’ ಮಾಡ್ಯೂಲ್ ಹಾಕಿ, ‘ರೌಂಡ್ ಹಾಫ್ ಅಪ್’ ಎಂದು ಹೇಳಿದ ಮೇಲೆ ಸರಿಹೋಯಿತು. ತಿದ್ದುಪಡಿಯನ್ನೂ ಎಐ ಮಾಡಿತು, ಅರ್ಧ ನಿಮಿಷದಲ್ಲಿ. ಆದರೆ ಕಂಡುಹಿಡಿದದ್ದು ಆ ಕಲೆಯಾದ ಕಾಗದಗಳು. ಪಟ್ಟಿಗೊಂದು ರೂಪಾಯಿ ಎಂದರೂ ಅದು ಮೂಟೆ ಬಾಕ್ಸ್ ಹೊರುವವರ ಬಾಬ್ತು. ಅವರ ಕೈಯಿಂದ ಹೋಗಬಾರದು.

ನೀವೆಲ್ಲ ಹೇಗೆ ಬಳಸುತ್ತಿದ್ದೀರಿ? ಎಲ್ಲಿ ನಂಬುತ್ತೀರಿ, ಎಲ್ಲಿ ನಂಬುವುದಿಲ್ಲ?

---

ಚಿಂತಾಮಣಿಯವಳು

ಅಣ್ಣ, 29 ಮತ್ತು 31ರ ಕಥೆ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮ ಕೋಡ್‌ನಲ್ಲಿ ‘ರೌಂಡ್’ ಹುಡುಕಿದೆ. ಆರು ಕಡೆ ಇದೆ. ನಾಳೆ ಕೂತು ನೋಡುತ್ತೇನೆ.

ನಾನು ಮನೆಯಿಂದಲೇ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಬಿಡುವಿದ್ದಾಗ ನಮ್ಮೂರ ಹಾಲಿನ ಡೇರಿಗೆ ಸದಸ್ಯರ ಲೆಕ್ಕದ ಪುಟ್ಟ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಅದರಲ್ಲಿ ವಿಚಿತ್ರ ತೊಂದರೆ ಇತ್ತು. ಊರಿನ ಹೆಸರುಗಳ ಸಾಲಿನಲ್ಲಿ ‘ಕೋಲಾರ’ ಎರಡು ಸಲ ಕಾಣುತ್ತಿತ್ತು. ನೋಡಲು ಒಂದೇ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಸ್ಪೇಸ್ ಇರಬಹುದು ಎಂದು ಎಷ್ಟು ಸಲ ಅಳಿಸಿ ಬರೆದೆನೋ.

ಎಐಗೆ ಹೇಳಿದಾಗ ಅದು ಸುಮ್ನೆ ಊಹೆ ಮಾಡಲಿಲ್ಲ. ಎರಡೂ ಹೆಸರಿನ ಬೈಟ್‌ಗಳನ್ನು (ಕಂಪ್ಯೂಟರ್ ಒಳಗೆ ಅಕ್ಷರ ಉಳಿಯುವ ಅಂಕಿಗಳು) ಟರ್ಮಿನಲ್‌ನಲ್ಲೇ ಬಿಡಿಸಿ ಅಕ್ಕಪಕ್ಕ ಇಟ್ಟು ತೋರಿಸಿತು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ದ ಓ ಸ್ವರಚಿಹ್ನೆಯನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎ ಕಾರ, ಊ ಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ‘ಕೋ’. ಕಂಪ್ಯೂಟರ್‌ಗೆ ಎರಡು ಬೇರೆ ಮಾತು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ಎನ್‌ಎಫ್‌ಸಿ’ ಎಂಬ ಕ್ರಮ ಇದೆ. ಉಳಿಸುವ ಮೊದಲು ಒಂದು ಸಾಲು ಹಾಕಿದರೆ ಮುಗಿಯಿತು. ಇಂಥ ಕಡೆ ಈ ಟೂಲ್‌ಗಳಿಗೆ ನಾನು ನಿಜಕ್ಕೂ ಋಣಿ. ಕನ್ನಡದ ಡೇಟಾ ಇಟ್ಟುಕೊಂಡವರು ಎಲ್ಲರೂ ಇದನ್ನು ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಮಾತು, ಇದು ಮುಖ್ಯ. ಅದು ಓದಿದ ಫೈಲ್ ಎಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಟೂಲ್ ನಮ್ಮ ಟರ್ಮಿನಲ್‌ನಲ್ಲಿ ಓಡಿದರೂ ಮಾಡೆಲ್ ಇರುವುದು ದೂರದ ಸರ್ವರ್‌ನಲ್ಲಿ. ಓದಿದ್ದು ಅಲ್ಲಿಗೆ ಹೋಗುತ್ತದೆ. ನಮ್ಮ ಡೇರಿಯವರ ಆಧಾರ್ ನಂಬರು, ಬ್ಯಾಂಕ್ ಖಾತೆ ಇರುವ ಫೈಲನ್ನು ನಾನು ಆ ಫೋಲ್ಡರ್‌ನಿಂದಲೇ ತೆಗೆದು ಬೇರೆ ಕಡೆ ಇಟ್ಟಿದ್ದೇನೆ. ಕೆಲಸಕ್ಕೆ ಸುಳ್ಳು ಹೆಸರು, ಸುಳ್ಳು ನಂಬರಿನ ಇಪ್ಪತ್ತು ಸಾಲು ಸಾಕು. ಅವರು ನಂಬಿ ಕೊಟ್ಟಿರುವ ಕಾಗದ ಅದು.

---

ಬಂಗಾರಪೇಟೆ ಪ್ಯಾಸೆಂಜರ್

ನಾನು ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ರೈಲಿನಲ್ಲೇ ಅರ್ಧ ಕೆಲಸ ಮಾಡುತ್ತೇನೆ. ದಾರಿಯಲ್ಲಿ ನೆಟ್ ಬರುತ್ತದೆ, ಹೋಗುತ್ತದೆ. ಮೊದಲು ಪ್ರತಿ ಸಲ ಎಐ ನಡುಗೆಲಸದಲ್ಲಿ ನಿಂತುಹೋಗುತ್ತಿತ್ತು.

ಈಗ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದೇ ಇಲ್ಲ. ಆಫೀಸಿನ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಅದರ ಟರ್ಮಿನಲ್‌ಗೆ ಹೋಗಿ), ಅಲ್ಲಿ ಟಿಮಕ್ಸ್ ಒಳಗೆ ಶುರು ಮಾಡುತ್ತೇನೆ. ನಾವು ಹೊರಬಂದರೂ ಕೆಲಸವನ್ನು ನಡೆಸಿಡುವ ಟೂಲ್ ಅದು. ನೆಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಸಿಗ್ನಲ್ ಬಂದ ಮೇಲೆ ‘ಟಿಮಕ್ಸ್ ಅಟ್ಯಾಚ್’ ಅಂದರೆ ಬಿಟ್ಟ ಜಾಗಕ್ಕೇ ಬರುತ್ತೇನೆ. ಮನೆಯಲ್ಲಿ ಕರೆಂಟ್ ಹೋದಾಗಲೂ ಇದೇ. ಟರ್ಮಿನಲ್‌ನಲ್ಲಿ ಓಡುವ ಟೂಲ್‌ನ ದೊಡ್ಡ ಲಾಭ ನನ್ನ ಮಟ್ಟಿಗೆ ಇದು.

ಇನ್ನು ನಾನು ಪೆಟ್ಟು ತಿಂದ ಕಥೆ. ಪ್ರತಿ ಕಮಾಂಡ್‌ಗೂ ಒಪ್ಪಿಗೆ ಕೇಳುತ್ತದೆ ಅಲ್ವಾ, ರೈಲಿನಲ್ಲಿ ನಿಂತುಕೊಂಡು ಅಷ್ಟು ಸಲ ‘ಹೌದು’ ಒತ್ತಲು ಬೇಸರವಾಗಿ ಎಲ್ಲದಕ್ಕೂ ಒಪ್ಪಿಗೆ ಎಂಬ ಮೋಡ್‌ಗೆ ಹಾಕಿದೆ. ಒಂದು ತಿದ್ದುಪಡಿ ಕೈಕೊಟ್ಟಿತು. ಅದು ‘ಮೊದಲಿನ ಸ್ಥಿತಿಗೆ ಹೋಗೋಣ’ ಎಂದು ‘ಗಿಟ್ ಚೆಕ್ಔಟ್ ಡಾಟ್’ ಹೊಡೆಯಿತು. (ಗಿಟ್ ಅಂದರೆ ಕೋಡ್‌ನ ಹಳೆಯ ರೂಪಗಳನ್ನು ಉಳಿಸಿಡುವ ಟೂಲ್, ಹಾಗೆ ಉಳಿಸುವುದೇ ಕಮಿಟ್.) ಅದರ ತಿದ್ದುಪಡಿ ಹೋಯಿತು. ಜೊತೆಗೆ ನಾನು ಎರಡು ದಿನದಿಂದ ಕಮಿಟ್ ಮಾಡದೆ ಇಟ್ಟಿದ್ದ ಕೆಲಸವೂ ಹೋಯಿತು. ಮಾಲೂರು ದಾಟುವ ಹೊತ್ತಿಗೆ ಗೊತ್ತಾಯಿತು. ವೈಟ್‌ಫೀಲ್ಡ್ ಬರುವವರೆಗೆ ಪರದೆ ನೋಡುತ್ತಾ ನಿಂತಿದ್ದೆ.

ತಪ್ಪು ನನ್ನದು. ಈಗ ಅದಕ್ಕೆ ಕೆಲಸ ಕೊಡುವ ಮೊದಲು ಕಮಿಟ್. ಅದು ಒಂದು ಹೆಜ್ಜೆ ಮುಗಿಸಿದರೆ ಮತ್ತೆ ಕಮಿಟ್. ಓದುವ ಕಮಾಂಡ್‌ಗಳಿಗೆ, ಟೆಸ್ಟ್ ಓಡಿಸುವುದಕ್ಕೆ ಮಾತ್ರ ಕಾಯಂ ಒಪ್ಪಿಗೆ. ಅಳಿಸುವುದು, ಗಿಟ್‌ನಲ್ಲಿ ಹಿಂದೆ ಹೋಗುವುದು, ಡೇಟಾಬೇಸ್ ಮುಟ್ಟುವುದು, ಇವಕ್ಕೆ ಕೇಳಲೇಬೇಕು. ಲೈವ್ ಡೇಟಾಬೇಸ್‌ನ ಪಾಸ್‌ವರ್ಡ್ ಆ ಯಂತ್ರದಲ್ಲೇ ಇಲ್ಲ.

---

ರೇಷ್ಮೆಗೂಡು, ಶಿಡ್ಲಘಟ್ಟ

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ತಿಂಗಳಿಗೆ ದುಡ್ಡು ಕಟ್ಟಲು ಆಗುವುದಿಲ್ಲ. ಯಾವುದರಿಂದ ಶುರು ಮಾಡಲಿ? ಮತ್ತೆ ಟರ್ಮಿನಲ್‌ನಲ್ಲಿ ಕನ್ನಡ ಒಡೆದು ಒಡೆದು ಕಾಣುತ್ತದೆ, ಒತ್ತಕ್ಷರ ಪಕ್ಕಕ್ಕೆ ಬೀಳುತ್ತದೆ. ಫೈಲ್ ಹಾಳಾಯಿತಾ?

---

ಚಿಂತಾಮಣಿಯವಳು

ಫೈಲ್ ಹಾಳಾಗಿಲ್ಲ ತಮ್ಮ, ಹೆದರಬೇಡ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಭಾಗ ಮಾಡಿಕೊಂಡಿರುತ್ತದೆ, ಒಂದು ಚೌಕಕ್ಕೆ ಒಂದು ಅಕ್ಷರ. ಇಂಗ್ಲಿಷ್‌ಗೆ ಅದು ಸಾಕು. ನಮ್ಮ ಒತ್ತು, ಗುಣಿತ ಆ ಚೌಕದಲ್ಲಿ ಹಿಡಿಸುವುದಿಲ್ಲ. ಅದೇ ಫೈಲನ್ನು ಎಡಿಟರ್‌ನಲ್ಲೋ ಬ್ರೌಸರ್‌ನಲ್ಲೋ ತೆಗೆದು ನೋಡು, ಸರಿಯಾಗಿರುತ್ತದೆ.

ಟೂಲ್ ವಿಷಯಕ್ಕೆ ಬಂದರೆ, ಹೆಸರು ಕೇಳಿರುವ ನಾಲ್ಕು ಹೇಳುತ್ತೇನೆ. ಏಡರ್ 2023ರಿಂದ ಇದೆ, ಓಪನ್ ಸೋರ್ಸ್. ಅದು ಪ್ರತಿ ತಿದ್ದುಪಡಿಯನ್ನೂ ತಾನೇ ಗಿಟ್‌ನಲ್ಲಿ ಕಮಿಟ್ ಮಾಡುತ್ತದೆ, ಬೇಡವಾದರೆ ‘ಅನ್‌ಡೂ’ ಅಂದರೆ ಆಯಿತು. ಬಂಗಾರಪೇಟೆ ಅಣ್ಣನಿಗೆ ಆದದ್ದು ನಿನಗೆ ಆಗಬಾರದು ಎಂದರೆ ಇದರಲ್ಲಿ ಕಲಿಯುವುದು ಒಳ್ಳೆಯದು. ಆಂಥ್ರೊಪಿಕ್‌ನ ಕ್ಲಾಡ್ ಕೋಡ್ 2025ರ ಫೆಬ್ರವರಿಯಲ್ಲಿ ಪ್ರಯೋಗಕ್ಕೆಂದು ಬಂತು, ಮೇನಲ್ಲಿ ಎಲ್ಲರಿಗೂ ಸಿಕ್ಕಿತು. ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ (ಸಿಎಲ್‌ಐ ಅಂದರೆ ಟರ್ಮಿನಲ್‌ನಲ್ಲಿ ಓಡುವಂಥದ್ದು) ಅದೇ ವರ್ಷ ಏಪ್ರಿಲ್‌ನಲ್ಲಿ, ಗೂಗಲ್‌ನ ಜೆಮಿನಿ ಸಿಎಲ್‌ಐ ಜೂನ್‌ನಲ್ಲಿ. ಜೆಮಿನಿಯದು ಬಂದಾಗ ಸಾಮಾನ್ಯ ಗೂಗಲ್ ಖಾತೆಯಿಂದಲೇ ದಿನಕ್ಕೆ 1000 ಸಲ ಪುಕ್ಕಟೆ ಕೇಳಬಹುದಿತ್ತು. ಈ ಲೆಕ್ಕಗಳು ಬದಲಾಗುತ್ತಲೇ ಇರುತ್ತವೆ, ಹಾಕಿಕೊಳ್ಳುವ ದಿನ ನೋಡಿಕೋ.

ಏನೂ ಹೊರಗೆ ಹೋಗಬಾರದು, ದುಡ್ಡೂ ಬೇಡ ಎಂದರೆ ಒಲ್ಲಾಮಾ (ನಮ್ಮ ಕಂಪ್ಯೂಟರ್‌ನಲ್ಲೇ ಮಾಡೆಲ್ ಓಡಿಸುವ ಟೂಲ್) ಹಾಕಿ ಕ್ವೆನ್ 2.5 ಕೋಡರ್‌ನ 7 ಬಿಲಿಯನ್ ಮಾಡೆಲ್ ಇಳಿಸಿಕೊಂಡು ಏಡರ್‌ಗೆ ಜೋಡಿಸು. ಇಳಿಸಲು 5 ಜಿಬಿಗಿಂತ ಸ್ವಲ್ಪ ಕಮ್ಮಿ. 16 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ನಿಧಾನ, ದೊಡ್ಡ ಮಾಡೆಲ್‌ಗಳಷ್ಟು ಜಾಣತನ ಇಲ್ಲ. ಒಂದು ಫಂಕ್ಷನ್, ಒಂದು ಫೈಲ್ ಮಟ್ಟಕ್ಕೆ ಸಾಕು. ಕಲಿಯುವ ಹುಡುಗನಿಗೆ ಅಷ್ಟೇ ತಾನೇ ಬೇಕು.

---

ತುಮಕೂರು ಮೇಷ್ಟ್ರು

ನಾನು ತುಮಕೂರಿನಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುವವನು. ಮೊದಲು ಲ್ಯಾಬ್‌ನಲ್ಲಿ ಇವನ್ನು ಬೇಡ ಎಂದಿದ್ದೆ. ಮಕ್ಕಳು ಹಾಸ್ಟೆಲ್‌ಗೆ ಹೋಗಿ ಬಳಸಿದರು. ಈಗ ಬಳಸಿ ಎನ್ನುತ್ತೇನೆ, ಆದರೆ ಮೌಲ್ಯಮಾಪನ ಕೋಡ್‌ಗೆ ಅಲ್ಲ. ಪ್ರಾಜೆಕ್ಟರ್ ಮೇಲೆ ‘ಗಿಟ್ ಡಿಫ್’ (ಯಾವ ಸಾಲು ಬದಲಾಗಿದೆ ಎಂದು ತೋರಿಸುವುದು) ತೆಗೆದು ಒಂದು ಸಾಲಿಗೆ ಬೆರಳಿಟ್ಟು ಕೇಳುತ್ತೇನೆ: ಈ ಸಾಲು ಯಾಕೆ ಬಂತು? ತೆಗೆದರೆ ಏನಾಗುತ್ತದೆ?

ಮೊದಲ ವಾರ ತರಗತಿ ಪೂರ್ತಿ ಮೌನ. ಒಬ್ಬ ಹುಡುಗಿ ಮಾತ್ರ ‘ಗೊತ್ತಿಲ್ಲ ಸಾರ್, ತೆಗೆದು ನೋಡಲಾ?’ ಎಂದಳು. ತೆಗೆದಳು, ಓಡಿಸಿದಳು, ಬಿತ್ತು. ಯಾಕೆ ಬಿತ್ತು ಎಂದು ಅವಳೇ ಕಂಡುಕೊಂಡಳು. ಅವತ್ತಿನಿಂದ ಅದೇ ನಮ್ಮ ಲ್ಯಾಬಿನ ಪದ್ಧತಿ. ಎಐ ಹಾಕಿದ ಒಂದೊಂದು ಸಾಲನ್ನೂ ಒಮ್ಮೆ ತೆಗೆದು ನೋಡಬೇಕು.

ಶಿಡ್ಲಘಟ್ಟದ ಹುಡುಗನಿಗೆ: ಕೆಲವು ಟೂಲ್‌ಗಳಲ್ಲಿ ಫೈಲ್ ಮುಟ್ಟದೆ ಯೋಜನೆ ಮಾತ್ರ ಹೇಳುವ ಪ್ಲಾನ್ ಮೋಡ್ ಇದೆ. ಕಲಿಯುವವರು ಅದರಲ್ಲೇ ಜಾಸ್ತಿ ಹೊತ್ತು ಇರಿ. ಯೋಜನೆ ಓದಿ, ಮೊದಲ ಭಾಗವನ್ನು ನೀವೇ ಬರೆಯಿರಿ.

---

ಹಳೇ ಕೈ, ಗೌರಿಬಿದನೂರು

ಇಪ್ಪತ್ತೈದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕಮಾಂಡ್ ಲೈನ್ ನನ್ನ ಮನೆ ಇದ್ದ ಹಾಗೆ. ಯೂನಿಕ್ಸ್‌ಗೆ ಪೈಪ್ ಬಂದದ್ದು 1973ರಲ್ಲಿ. ಒಂದು ಪುಟ್ಟ ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ ಆ ಕ್ರಮ ಇಷ್ಟು ವರ್ಷ ಬಾಳಿದೆ. ಈ ಹೊಸ ಟೂಲ್‌ಗಳೂ ಅದೇ ಕ್ರಮಕ್ಕೆ ಬಗ್ಗಿವೆ ಎಂಬುದು ನನಗೆ ಸಂತೋಷ. ಸರ್ವರ್ ಲಾಗ್‌ನ ಕೊನೆಯ 200 ಸಾಲನ್ನು ‘ಟೇಲ್’ನಿಂದ ತೆಗೆದು, ಪೈಪ್ ಹಾಕಿ ಎಐಗೆ ಕೊಟ್ಟರೆ ಎಲ್ಲಿ ಮುಗ್ಗರಿಸಿದೆ ಎಂದು ಹೇಳುತ್ತದೆ. ನಾನೂ ಬಳಸುತ್ತೇನೆ.

ಆದರೆ ಕೋಲಾರದ ತಮ್ಮ, ನಾಲ್ಕು ಸಂಜೆ ಎಂದಾಗ ನನಗೆ ಸ್ವಲ್ಪ ಕಳವಳವಾಯಿತು. ಎರಡು ವಾರ ಕೂತು ನೀನೇ ಬರೆದಿದ್ದರೆ ಹಳೆಯ ಕೋಡ್‌ನ ಸಾಲು ಸಾಲೂ ನಿನ್ನ ಕಣ್ಣ ಮುಂದೆ ಹಾದುಹೋಗುತ್ತಿತ್ತು. ‘ಇದನ್ನು ಯಾಕೆ ಹಾಕಿದ್ದೆ?’ ಎಂದು ಹತ್ತು ಕಡೆ ನಿಲ್ಲುತ್ತಿದ್ದೆ. ಆ ನಿಲ್ಲುವುದು ಈಗ ತಪ್ಪಿಹೋಗಿದೆ. 40 ಪಟ್ಟಿ ಸಾಲದು. ಹಳೆಯ ಪ್ರೋಗ್ರಾಂ ಇನ್ನೂ ಓಡುತ್ತಿದೆ ತಾನೇ? ಹೋದ ಸೀಸನ್‌ನ ಡೇಟಾ ಪೂರ್ತಿ ಎರಡಕ್ಕೂ ಕೊಡು. ಎರಡರ ಪಟ್ಟಿಗಳನ್ನೂ ಫೈಲ್‌ಗೆ ಬರೆಸು. ಆಮೇಲೆ ಸುಮ್ನೆ ‘ಡಿಫ್’ ಹಾಕು, ಎರಡು ಫೈಲ್ ಎಲ್ಲಿ ಬೇರೆ ಎಂದು ತೋರಿಸುತ್ತದೆ. ಇದಕ್ಕೆ ಎಐ ಬೇಕಿಲ್ಲ, ಟೆಸ್ಟ್ ಬರೆಯಬೇಕಿಲ್ಲ.

---

ಮಂಡಿಲೆಕ್ಕ, ಕೋಲಾರ

ಅಣ್ಣ, ನೀವು ಹೇಳಿದ್ದು ನಿಜ. ಇದು ನನಗೆ ಹೊಳೆಯಬೇಕಿತ್ತು. ಇವತ್ತೇ ಕೂರುತ್ತೇನೆ.

---

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ಥ್ಯಾಂಕ್ಸ್. ಏಡರ್ ಹಾಕಿಕೊಂಡೆ. ಮೇಷ್ಟ್ರೇ, ಸಾಲು ತೆಗೆದು ನೋಡುವುದನ್ನು ಇವತ್ತೇ ಶುರು ಮಾಡಿದೆ. ಒಂದು ಪ್ರಶ್ನೆ: ಎಐಗೆ ಸೂಚನೆಯನ್ನು ಕನ್ನಡದಲ್ಲೇ ಬರೆದರೆ ನಡೆಯುತ್ತದಾ?

---

ಬಂಗಾರಪೇಟೆ ಪ್ಯಾಸೆಂಜರ್

ನಡೆಯುತ್ತದೆ. ನಾನು ಕನ್ನಡದಲ್ಲೂ ಹೇಳುತ್ತೇನೆ, ಅರ್ಥ ಮಾಡಿಕೊಳ್ಳುತ್ತದೆ. ಖರ್ಚು ಸ್ವಲ್ಪ ಜಾಸ್ತಿ. ಯೂನಿಕೋಡ್ ಅಕ್ಷರ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ‘ಟೊಮ್ಯಾಟೊ’ ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷ್‌ನಲ್ಲಿ 6. ಮಾಡೆಲ್‌ಗಳು ಟೋಕನ್ (ಪದದ ತುಂಡು) ಲೆಕ್ಕದಲ್ಲಿ ಓದುತ್ತವೆ, ಅಲ್ಲೂ ಕನ್ನಡಕ್ಕೆ ಹೆಚ್ಚು ತುಂಡು ಬೀಳುತ್ತದೆ. ಹತ್ತು ಹದಿನೈದು ಸಾಲಿನ ಸೂಚನೆಗೆ ಅದೇನೂ ಭಾರವಲ್ಲ. ಇಂಗ್ಲಿಷ್‌ನಲ್ಲಿ ತಡಕಾಡಿ ಅರ್ಧ ಹೇಳುವುದಕ್ಕಿಂತ ಕನ್ನಡದಲ್ಲಿ ಪೂರ್ತಿ ಹೇಳು.

---

ಮಂಡಿಲೆಕ್ಕ, ಕೋಲಾರ

ಮೂರು ದಿನದ ಮೇಲೆ ಬರುತ್ತಿದ್ದೇನೆ. ಗೌರಿಬಿದನೂರಿನ ಅಣ್ಣ ಹೇಳಿದ ಹಾಗೆ ಇಡೀ ಸೀಸನ್ ಎರಡೂ ಪ್ರೋಗ್ರಾಂಗೆ ಕೊಟ್ಟು ‘ಡಿಫ್’ ಹಾಕಿದೆ. ಹಮಾಲಿಯ ಸಾಲು ಎಲ್ಲ ಕಡೆ ಸರಿ. ಆದರೆ ನಾಲ್ಕು ಪಟ್ಟಿ ಬೇರೆ ಬಂದವು. ರೂಪಾಯಿ ಎರಡು ರೂಪಾಯಿ ಅಲ್ಲ, ಸಾವಿರಗಳಲ್ಲಿ.

ನಾಲ್ಕರಲ್ಲೂ ರೈತರು ತೆಗೆದುಕೊಂಡಿದ್ದ ಮುಂಗಡ ಅವತ್ತಿನ ಮಾಲಿಗಿಂತ ಜಾಸ್ತಿ. ಹಳೆಯ ಪ್ರೋಗ್ರಾಂ ಹಾಗಾದಾಗ ಮುಂಗಡವನ್ನು ಪೂರ್ತಿ ಹಿಡಿಯುತ್ತಿರಲಿಲ್ಲ. ಮಾಲಿನ ಅರ್ಧ ಮಾತ್ರ ಹಿಡಿದು, ಉಳಿದದ್ದನ್ನು ಮುಂದಿನ ಪಟ್ಟಿಗೆ ಹಾಕುತ್ತಿತ್ತು. ಆ ಮೂರು ಸಾಲನ್ನು ಎಐ ಕೈಬಿಟ್ಟಿದೆ. ಯಾಕೆ ಎಂದು ಕೇಳಿದೆ. ಈ ಷರತ್ತು ಎಲ್ಲೂ ವಿವರಿಸಿಲ್ಲ, ಮುಂಗಡದ ಸಾಮಾನ್ಯ ಲೆಕ್ಕಕ್ಕೆ ವಿರುದ್ಧವಾಗಿತ್ತು, ಆದ್ದರಿಂದ ಹಳೆಯ ದೋಷ ಎಂದುಕೊಂಡೆ ಎಂದಿತು. ನಾನು ಅಲ್ಲಿ ಒಂದು ಕಾಮೆಂಟ್ ಕೂಡ ಬರೆದಿರಲಿಲ್ಲ. ನಿಜ ಹೇಳಬೇಕೆಂದರೆ ಯಾಕೆ ಹಾಕಿದ್ದೆ ಎಂಬುದು ನನಗೂ ಮರೆತಿತ್ತು.

ಮಂಡಿಗೆ ಹೋಗಿ ಹಳೆಯ ಗುಮಾಸ್ತರನ್ನು ಕೇಳಿದೆ. ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: ‘ಬೆಳಗಾಗೆದ್ದು ಮಾಲು ತಂದೋನು ಬರಿಗೈಲಿ ಊರಿಗೆ ಹೋಗಬಾರದು ಕಣಪ್ಪ. ಗಾಡಿಯೋನಿಗೆ ಕೊಡಬೇಕು, ಮನೆಗೆ ಏನಾದರೂ ತಗೊಂಡು ಹೋಗಬೇಕು. ಅದಕ್ಕೆ ಅರ್ಧ ಬಿಡೋದು.’

ಸೂಚನೆಯ ಫೈಲ್ ಇದೆಯಲ್ಲ, ಎಐ ಪ್ರತಿ ಸಲ ಶುರುವಾದಾಗ ಮೊದಲು ಓದುವುದು, ಕೆಲವದರಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’, ಕೆಲವದರಲ್ಲಿ ‘ಕ್ಲಾಡ್ ಡಾಟ್ ಎಂಡಿ’, ಅದರಲ್ಲಿ ಹಮಾಲಿಯ ನಿಯಮದ ಕೆಳಗೆ ಅವರ ಮಾತನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದೆ. ಅದರ ಕೆಳಗೆ ಲೆಕ್ಕ: ಮುಂಗಡ ಜಾಸ್ತಿ ಇದ್ದರೆ ಮಾಲಿನ ಅರ್ಧ ಮಾತ್ರ ಹಿಡಿಯಬೇಕು, ಉಳಿದದ್ದು ಮುಂದಿನ ಪಟ್ಟಿಗೆ. ಎಐ ಆ ಮೂರು ಸಾಲನ್ನು ಮತ್ತೆ ಬರೆಯಿತು. ಈ ಸಲ ಮೇಲೆ ಕಾಮೆಂಟ್ ಕೂಡ ಹಾಕಿತು. ‘ಡಿಫ್’ ಈಗ ಖಾಲಿ.

ನಾಳೆಯಿಂದ ಗುಮಾಸ್ತರ ಪಕ್ಕ ಅರ್ಧ ಗಂಟೆ ಕೂರುತ್ತೇನೆ, ಹರಾಜು ಮುಗಿದ ಮೇಲೆ. ಇಂಥವು ಇನ್ನೂ ಏಳೆಂಟು ಇವೆಯಂತೆ.